ದೋಸೆ ಕಾವಲಿಯ ಮೇಲೆ ಕೂತ ಕಾರ್ಬುರೇಟರು

ನನ್ನ ಮಾವ ಚಿಕ್ಕಣ್ಣನವರ ಬಗ್ಗೆ ಬರೆಯಬೇಕೆಂದರೆ ಮೊದಲು ನಮ್ಮ ಮನೆಯ ದೋಸೆ ಕಾವಲಿಯ ಬಗ್ಗೆ ಬರೆಯಬೇಕು. ಅದಕ್ಕೂ ಮೊದಲು ನಾನು ಮಾಡಿದ ಒಂದು ಘನಕಾರ್ಯವನ್ನು ಒಪ್ಪಿಕೊಳ್ಳಬೇಕು. ಎರಡೂ ನನಗೆ ಇಷ್ಟವಿಲ್ಲದ ಕೆಲಸ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಡಬ್ಲಿನ್ನಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಈ ಕತೆಗೆ ಕೈಕಾಲು ಮೂಡಿ ಅದು ತಾನೇ ಓಡಾಡುತ್ತಿದೆ. ನನ್ನ ಮಾವ ಪ್ರೆಶರ್ ಕುಕ್ಕರಿನಿಂದ ಕಾರು ಓಡಿಸಿದರು ಎಂದು ಯಾರೋ ಹಾಕಿದ್ದಾರೆ. ಕುಕ್ಕರಲ್ಲ ಸ್ವಾಮಿ, ಕಾವಲಿ!

ಚಿಕ್ಕಣ್ಣನವರು ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ನಲವತ್ತೊಂದು ವರ್ಷ ಗ್ಯಾರೇಜು ನಡೆಸಿದವರು. ಗ್ಯಾರೇಜು ಅಂತ ಹೆಸರು, ಅಷ್ಟೆ. ಇದ್ದದ್ದು ಒಂದು ತಗಡಿನ ಶೆಡ್ಡು, ಒಂದು ಹುಣಸೆಮರ, ಮರದ ಕೆಳಗೆ ಎಂದೂ ರಿಪೇರಿ ಮುಗಿಯದ ಒಂದು ಅಂಬಾಸಿಡರು. ಓದಿದ್ದು ಏಳನೇ ಕ್ಲಾಸು. ಮಗಳಿಗೆ ಜ್ಯೋತ್ಸ್ನಾ ಎಂದು ಹೆಸರಿಟ್ಟದ್ದು, ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಹೆಸರು ಅದಾಗಿತ್ತು ಎಂಬ ಒಂದೇ ಕಾರಣಕ್ಕೆ. ಹೆಸರಿನ ಜೊತೆ ಕೆಲಸವೂ ಬರಲಿ ಎಂದು ಆಸೆಪಟ್ಟಿದ್ದರಂತೆ. ಬಂತು. ಈಗ ಅವಳು ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಡಾಕ್ಟರು, ನನ್ನ ಹೆಂಡತಿ.

ನಾನು ಶ್ರೀವತ್ಸ, ಮೈಸೂರಿನ ಅಗ್ರಹಾರದವನು, ಸ್ಯಾಂಡಿಫರ್ಡ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮದುವೆಯ ಹೊತ್ತಿಗೆ ಎರಡೂ ಮನೆಗಳಲ್ಲಿ ನಡೆದ ರಾಮಾಯಣ ಇಲ್ಲಿ ಬೇಡ. ಮಾವ ನನ್ನನ್ನು ಮೊದಲಿನಿಂದ "ಅಳಿಯಂದ್ರೆ" ಎಂದು ಬಹುವಚನದಲ್ಲೇ ಕರೆಯುತ್ತಾರೆ. ಆ ಬಹುವಚನದಲ್ಲಿ ಗೌರವ ಎಷ್ಟು, ಅನುಮಾನ ಎಷ್ಟು ಎಂದು ಎಂಟು ವರ್ಷವಾದರೂ ನನಗೆ ಲೆಕ್ಕ ಹತ್ತಿಲ್ಲ. ಟೈರು ಬದಲಾಯಿಸಲು ಬಾರದ ಗಂಡಸು ಅವರ ಪಾಲಿಗೆ ಅರ್ಧ ಗಂಡಸು. ನಾನು ಪಂಕ್ಚರಾದರೆ ಫೋನ್ ಮಾಡುವವನು.

೨೦೨೦ರ ಫೆಬ್ರವರಿಯಲ್ಲಿ ಮೊಮ್ಮಗಳನ್ನು ನೋಡಲು ಮೂರು ತಿಂಗಳಿಗೆಂದು ಬಂದರು. ಅತ್ತೆ ಜಯಮಾಲಾ ಬೆನ್ನುನೋವೆಂದು ಊರಿನಲ್ಲೇ ಉಳಿದರು. ಮಾರ್ಚಿನಲ್ಲಿ ವಿಮಾನ ನಿಂತಿತು. ಆಮೇಲೆ ಒಂದೆರಡು ವಿಮಾನ ಹಾರಿದವಾದರೂ, ಸಕ್ಕರೆ ಕಾಯಿಲೆಯ ಅಪ್ಪನನ್ನು ಮಗಳು ಕಳಿಸಲಿಲ್ಲ. ಹೀಗೆ ನಲವತ್ತೊಂದು ವರ್ಷ ಕೈ ಕರಿ ಮಾಡಿಕೊಂಡು ಬದುಕಿದ ಮನುಷ್ಯ, ಕ್ಲಾಂಡಾಲ್ಕಿನ್‌ನ ನಮ್ಮ ಮನೆಯ ಸೋಫಾದ ಮೇಲೆ ಎಂಟು ತಿಂಗಳು ಸ್ಯಾನಿಟೈಸರ್ ಹಚ್ಚಿಕೊಂಡು ಕೂತರು. ಒಂದು ದಿನ ಡಿಶ್‌ವಾಷರ್ ಬಿಚ್ಚಿ ಮತ್ತೆ ಜೋಡಿಸಿದರು. ಅದಕ್ಕೆ ಏನೂ ಆಗಿರಲಿಲ್ಲ.

ಈಗ ನನ್ನ ಘನಕಾರ್ಯ.

ಅಕ್ಟೋಬರ್ ಇಪ್ಪತ್ತೈದು, ಭಾನುವಾರ, ಆಯುಧಪೂಜೆ. ಮೂರು ದಿನದ ಹಿಂದಷ್ಟೇ ಎರಡನೇ ಲಾಕ್‌ಡೌನ್ ಬಿದ್ದಿತ್ತು, ಮನೆಯಿಂದ ಐದು ಕಿಲೋಮೀಟರು ದಾಟುವಂತಿಲ್ಲ. ಸರಿ, ಹಬ್ಬವನ್ನಾದರೂ ಸರಿಯಾಗಿ ಮಾಡೋಣ, ಮಾವನ ಮುಂದೆ ನಮ್ಮ ಮರ್ಯಾದೆಯೂ ಉಳಿಯಲಿ ಎಂದುಕೊಂಡೆ. ನಮ್ಮದು ಹದಿನೈದು ವರ್ಷದ ಪುಟ್ಟ ಕಾರು. ತಮಾಷೆಯೆಂದರೆ ಅದೂ ನಮ್ಮ ಹಾಗೆ ಭಾರತದಲ್ಲೇ ಹುಟ್ಟಿ ಹಡಗು ಹತ್ತಿ ಇಲ್ಲಿಗೆ ಬಂದದ್ದು. ಪಕ್ಕದ ಮನೆಯ ಡೆಕ್ಲನ್ ಹತ್ತಿರ ಜೋರಾಗಿ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ಇತ್ತು. ಅದನ್ನು ಕೇಳಿ ತಂದೆ. ಹತ್ತು ಗಂಟೆಗೆ ಮಾವ ಸ್ನಾನಕ್ಕೆ ಹೋದದ್ದು ನೋಡಿ ಹೊರಗೆ ಬಂದು ಕಾರು ತೊಳೆದೆ. ತೊಳೆಯುತ್ತ ತೊಳೆಯುತ್ತ ಹುಮ್ಮಸ್ಸು ಬಂತು. ಬಾನೆಟ್ ಎತ್ತಿದೆ. ಊರಿನಲ್ಲಿ ಆಯುಧಪೂಜೆಗೆ ಎಂಜಿನ್ ತೊಳೆಯದೆ ಪೂಜೆ ಮಾಡಿದವರನ್ನು ಯಾರಾದರೂ ನೋಡಿದ್ದೀರಾ? ಹಿಡಿದೆ ನೋಡಿ ಪೈಪನ್ನು, ಎಂಜಿನ್ ಫಳಫಳ ಹೊಳೆಯಿತು.

ಆಮೇಲೆ ಸೂಪರ್ ಮಾರ್ಕೆಟ್ಟಿನ ಸೇವಂತಿಗೆ ಹಾರ, ವಿಭೂತಿ, ಕುಂಕುಮ. ಬೂದುಗುಂಬಳ ಎಲ್ಲಿ ಸಿಗಬೇಕು ಇಲ್ಲಿ? ಹ್ಯಾಲೋವೀನಿಗೆಂದು ಅಂಗಡಿಯ ತುಂಬ ಕೇಸರಿ ಬಣ್ಣದ ಕುಂಬಳಕಾಯಿ ಪೇರಿಸಿದ್ದರು, ಅದನ್ನೇ ತಂದು, ತೂತು ಕೊರೆದು ಕುಂಕುಮ ತುಂಬಿ, ನಡುರಸ್ತೆಯಲ್ಲಿ ಒಡೆದೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಜ್ಯೋತ್ಸ್ನಾ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಸೆಲ್ಫ್ ಹೊಡೆಯಿತು, ಎಂಜಿನ್ ಹತ್ತಲಿಲ್ಲ. ಇನ್ನೊಮ್ಮೆ. ಇಲ್ಲ. ನಿಂಬೆಹಣ್ಣು ನಾಲ್ಕೂ ಕೂತಲ್ಲೇ ಕೂತಿದ್ದವು.

ಮಂಗಳವಾರ ಗ್ಯಾರೇಜಿನವನು ಬಂದು ಕಂಪ್ಯೂಟರ್ ಸಿಕ್ಕಿಸಿ ನೋಡಿದ. ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಅಪ್ಪಣೆ ಕೊಡುವ ಡಬ್ಬಿ ಸತ್ತಿದೆ ಎಂದ. ಹೊಸ ಡಬ್ಬಿ ಬರಲು ಆರು ವಾರ. ಕೋವಿಡ್ಡು ನೋಡಿ ಎಂದ. ಆ ವರ್ಷ ಎಲ್ಲದಕ್ಕೂ ಅದೊಂದೇ ಉತ್ತರವಾಗಿತ್ತು. ಡಬ್ಬಿ ಯಾಕೆ ಸತ್ತಿತು ಎಂದು ಮಾತ್ರ ನಾನು ಕೇಳಲಿಲ್ಲ. ವಿಚಿತ್ರವೆಂದರೆ ಮಾವನೂ ಕೇಳಲಿಲ್ಲ.

ಜ್ಯೋತ್ಸ್ನಾಗೆ ಆ ವಾರ ರಜೆ, ಮುಂದಿನ ಸೋಮವಾರ ಏಳೂವರೆಗೆ ಕೋವಿಡ್ ವಾರ್ಡಿನಲ್ಲಿ ಇರಬೇಕು. ಕ್ಲಾಂಡಾಲ್ಕಿನ್‌ನಿಂದ ಬ್ಯೂಮಾಂಟ್‌ಗೆ ಊರು ದಾಟಿ ಎರಡು ಬಸ್ಸು, ಬಸ್ಸಿನಲ್ಲಿ ಕಾಲುಭಾಗ ಸೀಟು ಮಾತ್ರ, ತುಂಬಿದರೆ ನಿಲ್ಲಿಸದೆ ಹೋಗುತ್ತಾರೆ. ಬಾಡಿಗೆ ಕಾರಿನವರು ಫೋನೇ ಎತ್ತಲಿಲ್ಲ. ವಾರ್ಡಿನಿಂದ ಬಂದು ದಿನಾ ಟ್ಯಾಕ್ಸಿಯವರ ಪಕ್ಕ ಕೂರಲು ಅವಳಿಗೆ ಮನಸ್ಸಿಲ್ಲ.

"ಅನಸೂಯಾ ಮನೇಲಿ ಒಂದು ರೂಮ್ ಖಾಲಿ ಇದೆ, ಆಸ್ಪತ್ರೆಗೆ ನಡ್ಕೊಂಡೇ ಹೋಗ್ಬಹುದು," ಎಂದಳು. ಅನಸೂಯಾ ಅವಳ ಜೊತೆ ಕೆಲಸ ಮಾಡುವ ಡಾಕ್ಟರು. "ಆರು ವಾರ ಅಲ್ಲೇ ಇರ್ತೀನಿ, ಶ್ರೀ. ಬೇರೆ ದಾರಿ ಇಲ್ಲ."

ಏಪ್ರಿಲ್‌ನಲ್ಲಿ ಒಮ್ಮೆ ಹೀಗೆ ಮೂರು ವಾರ ಹೊರಗಿದ್ದಳು. ಭಾನುವಾರ ಬಂದು ಕಿಟಕಿಯ ಆಚೆ ನಿಲ್ಲುತ್ತಿದ್ದಳು. ನಮ್ಮ ನಾಲ್ಕು ವರ್ಷದ ಅಪರ್ಣಾ ಈಚೆಯಿಂದ ಗಾಜಿಗೆ ಮುಖ ಒತ್ತಿ ನಿಲ್ಲುತ್ತಿದ್ದಳು, ಮೂರನೇ ವಾರ ಕಿಟಕಿಯ ಹತ್ತಿರ ಬರಲೇ ಇಲ್ಲ. ಊಟ ಬಿಟ್ಟಿತ್ತು ಮಗು. ಈ ಸಲ ಅದಕ್ಕೆ ಕಾರಣ ಕೋವಿಡ್ಡಲ್ಲ, ಪೈಪು ಹಿಡಿದ ನಾನು.

ಜ್ಯೋತ್ಸ್ನಾ ಸೂಟ್‌ಕೇಸ್ ಕೆಳಗಿಳಿಸಿದಳು. ಅಪರ್ಣಾ ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಆರ್ ಯೂ ಗೋಯಿಂಗ್ ಟು ದ ವಿಂಡೋ ಅಗೇನ್, ಮಮ್?" ಎಂದು ಪಕ್ಕಾ ಡಬ್ಲಿನ್ ರಾಗದಲ್ಲಿ ಕೇಳಿದಳು. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಪ್ರಶ್ನೆ ಅವರಿಗೆ ಪೂರ್ತಿ ಅರ್ಥವಾಯಿತು. ಎದ್ದು ಒಳಗೆ ಹೋದರು. ಬರುವಾಗ ಮೈಮೇಲೆ ಖಾಕಿ ಅಂಗಿ. ಐರ್ಲೆಂಡಿಗೆ ಖಾಕಿ ಅಂಗಿ ಯಾಕೆ ತಂದಿದ್ದರೋ ದೇವರಿಗೇ ಗೊತ್ತು.

"ಅಳಿಯಂದ್ರೆ, ಆ ಡಬ್ಬಿ ಇಲ್ದೆ ಗಾಡಿ ಓಡಿಸ್ಬೋದು. ಕಾರ್ಬೆಟರ್ ಹಾಕಾಣ."

"ಮಾವ, ಇದು ಫ್ಯೂಯೆಲ್ ಇಂಜೆಕ್ಷನ್ ಗಾಡಿ. ಲೋಕವೆಲ್ಲ ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಹಾಕಿಸಿಕೊಂಡಿದೆ. ಯಾರೂ ಹಿಂದಕ್ಕೆ ಹೋಗಲ್ಲ."

"ಗುಂಡಿಗೆ ಬಿದ್ದ ಗಾಡಿ ರಿವರ್ಸ್ ತಗಳ್ದೆ ಮುಂದಕ್ಕೆ ಬತ್ತದಾ?" ಎಂದರು. "ಈ ಎಂಜಿನ್ನಿನ ಅಪ್ಪ, ತಾತ ಎಲ್ರೂ ನನ್ ಕೈಯಾಗೆ ಬಂದೋರೆ. ಇದಕ್ಕೆ ಡಬ್ಬಿ ಇಕ್ಕಿದ್ದು ಆಮೇಲೆ. ಅದು ತಾನಾಗೇ ಪೆಟ್ರೋಲ್ ಎಳ್ಕಂಡು ಕುಡೀತಿದ್ದ ಜಾತಿ ಕಣ್ರೀ. ಈಗ ಅಳತೆ ಮಾಡಿ ಬಾಯಿಗೆ ಹುಯ್ತಾವ್ರೆ, ಅಷ್ಟೆ. ಹಳೇ ಗಾಡಿಗಳ ಗುಜರಿ ಎಲ್ಲೈತೆ ಹೇಳಿ."

ಗುಜರಿ ಇದ್ದದ್ದು ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ, ಅದನ್ನು ನೋಡಿಕೊಳ್ಳುತ್ತಿದ್ದವನು ಬೇರಾರೂ ಅಲ್ಲ, ನನಗೆ ವಾಷರ್ ಕೊಟ್ಟ ಡೆಕ್ಲನ್! ನನ್ನ ಗ್ರಹಚಾರ ಅಷ್ಟು ಅಚ್ಚುಕಟ್ಟಾಗಿತ್ತು.

ಬುಧವಾರ ಮಾಸ್ಕು ಕಟ್ಟಿಕೊಂಡು ಹೋದೆವು. ಮಾವನ ಕನ್ನಡಕ್ಕೂ ಡೆಕ್ಲನ್ನನ ಇಂಗ್ಲಿಷಿಗೂ ನಡುವೆ ನಾನು ದುಭಾಷಿ. ನಾವು ಒಯ್ದಿದ್ದ ಡಬ್ಬಿಯನ್ನು ಡೆಕ್ಲನ್ ಬಿಚ್ಚಿದ. ಒಳಗಿಂದ ಒಂದು ಚಮಚದಷ್ಟು ನೀರು ಸುರಿಯಿತು. ಅವನು ನನ್ನ ಮುಖ ನೋಡಿದ. "ಅಂದ ಹಾಗೆ, ನನ್ನ ವಾಷರ್ ಕೆಲಸ ಮುಗಿಯಿತೇ?" ಎಂದು ಕೇಳಿದ.

"ಏನಂತೆ?" ಎಂದರು ಮಾವ.

"ಇಲ್ಲಿ ಮಳೆ ಜಾಸ್ತಿ ಅಂತಿದ್ದಾನೆ," ಎಂದೆ.

"ಹೌದೌದು, ಮಳೆ. ಭಾರೀ ಮಳೆ," ಎಂದು ಮಾವ ತುಸು ಅವಸರದಲ್ಲೇ ತಲೆಯಾಡಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಂತೂ ನಿಜವಾಗಿ ಕುಂಬಳಕಾಯಿ ಒಡೆದವನು, ನನ್ನ ಹೆಗಲು ಮುಟ್ಟಿಕೊಳ್ಳುವ ಗಡಿಬಿಡಿಯಲ್ಲಿ ಅವರ ಹೆಗಲ ಕಡೆ ನೋಡಲಿಲ್ಲ.

ಅಂಗಳದ ಮೂಲೆಯಲ್ಲಿ ಹುಲ್ಲಿನಲ್ಲಿ ಮುಳುಗಿದ ಒಂದು ಹಳೇ ವ್ಯಾನು. ಡೆಕ್ಲನ್ ಅದರಲ್ಲಿ ಪೇಂಟು ಡಬ್ಬ ಇಡುತ್ತಿದ್ದ. ಮಾವ ಬಗ್ಗಿ, ಕೈ ಒಳಗೆ ತೂರಿಸಿ, ಕಣ್ಣು ಮುಚ್ಚಿ ತಡವಿದರು. "ಅದೇ ವಂಶ!" ಎಂದರು. ಎಂಟು ತಿಂಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಸಂಜೆಯ ಹೊತ್ತಿಗೆ ಕಾರ್ಬುರೇಟರು, ಅದರ ಕೊಳವೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರು, ಚೋಕಿನ ತಂತಿ ಎಲ್ಲ ಬಿಚ್ಚಿ ನನ್ನ ಕೈಯಲ್ಲಿಟ್ಟರು. ಡೆಕ್ಲನ್ನನಿಗೆ ಹಣ ಬೇಡವಂತೆ, ಕೊನೆಗೆ ಏನಾಗುತ್ತದೆ ನೋಡಬೇಕಂತೆ. "ಗ್ರ್ಯಾಂಡ್," ಎಂದ, ಇಲ್ಲಿಯವರ ಬಾಯಲ್ಲಿ ಅದು ಬರೀ 'ಸರಿ' ಎಂದಂತೆ. ಮಾವನೂ "ಗ್ರ್ಯಾಂಡ್" ಎಂದರು. ಅಲ್ಲಿಂದ ಮುಂದೆ ಅವರಿಬ್ಬರಿಗೂ ದುಭಾಷಿ ಬೇಕಾಗಲಿಲ್ಲ.

ಗುರುವಾರ ತೊಡಕು ಬಂತು. ವ್ಯಾನಿನ ಕೊಳವೆಯ ತೂತಿಗೂ ನಮ್ಮ ಎಂಜಿನ್ನಿನ ತೂತಿಗೂ ಬೆರಳಷ್ಟು ವ್ಯತ್ಯಾಸ. ನಡುವೆ ಒಂದು ದಪ್ಪ ಅಲ್ಯೂಮಿನಿಯಂ ತಗಡು ಬೇಕು. ಮಾವ ಮನೆಯೊಳಗೆ ಬಂದು ಒಂದೊಂದೇ ಕಪಾಟು ತೆಗೆಯುತ್ತ ಬಂದರು. ಕೊನೆಗೆ ಗೋಡೆಗೆ ತೂಗುಹಾಕಿದ್ದ ಅಲ್ಯೂಮಿನಿಯಂ ದೋಸೆ ಕಾವಲಿಯನ್ನು ಬೆರಳಿನಿಂದ ಟಣ್ ಟಣ್ ಎಂದು ಬಾರಿಸಿದರು.

"ಮಾವ, ಅದು ಬೇಡ. ಅಮ್ಮ ಮೈಸೂರಿಂದ ಮಡಿಲಲ್ಲಿ ಇಟ್ಕೊಂಡು ತಂದ ಕಾವಲಿ. ಏರ್‌ಪೋರ್ಟಲ್ಲಿ ಜಗಳ ಆಡಿ ತಂದಿದ್ದು."

"ಒಳ್ಳೇ ದಪ್ಪ ಐತೆ," ಎಂದರು ಮಾವ.

"ಹದಿನಾಲ್ಕು ವರ್ಷ ಪಳಗಿದ ಕಾವಲಿ! ಒಂದು ದೋಸೆ ಹಿಡಿಯಲ್ಲ!"

ಮಾವ ಕಾವಲಿಯನ್ನು ನನ್ನ ಕೈಗೇ ಕೊಟ್ಟರು. "ಮನೆ ಯಜಮಾನ್ರು ನೀವು. ದೋಸೆ ಬೇಕೋ, ನಿಮ್ ಹೆಂಡ್ರು ಬೇಕೋ, ನೀವೇ ಹೇಳಿ."

ಹೇಳುವುದೇನಿದೆ? ಮಾಡಿದ್ದುಣ್ಣೋ ಮಹರಾಯ. ನಾನೇ ಹಿಡಿದುಕೊಂಡೆ, ಅವರು ಗರಗಸದಿಂದ ಕೊಯ್ದರು. ಕಾವಲಿ ಕಿರುಗುಟ್ಟಿದ ಶಬ್ದಕ್ಕೆ ಮೈಸೂರಿನಲ್ಲಿ ನಮ್ಮಮ್ಮನಿಗೆ ಬಿಕ್ಕಳಿಕೆ ಬಂದಿರಬೇಕು. ಸಂದಿಗೆ ಹಾಕುವ ಪ್ಯಾಕಿಂಗಿಗೆ ಅಪರ್ಣಾಳ ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು. ಅಷ್ಟರಲ್ಲಿ ವಿಡಿಯೋ ಕಾಲಿನಲ್ಲಿ ಅತ್ತೆ ಬಂದರು, ಗಂಡನ ಮೂಗಿನ ಮೇಲಿನ ಗ್ರೀಸು ನೋಡಿದರು. "ಅಲ್ಲಿಗೂ ಹೋಗಿ ಗ್ಯಾರೇಜ್ ಇಕ್ಕಿದ್ರಾ? ನಿಮ್ ಬುದ್ಧಿ ಸುಟ್ರೂ ಹೋಗಕಿಲ್ಲ," ಎಂದು ಬೈದು, "ಮಾತ್ರೆ ತಗಂಡ್ರಾ?" ಎಂದು ಕೇಳಿದರು.

ಶುಕ್ರವಾರ ಇಡೀ ಕೆಲಸವೇ ಕೆಟ್ಟಿತೆಂದುಕೊಂಡೆ. ಕೀ ತಿರುಗಿಸಿದ ತಕ್ಷಣ ಕಾರ್ಬುರೇಟರಿನ ಬಾಯಿಂದ ಪೆಟ್ರೋಲು ಉಕ್ಕಿ ಅಂಗಳಕ್ಕೆಲ್ಲ ಹರಿಯಿತು. ನಾನು ಮಗುವನ್ನು ಎತ್ತಿಕೊಂಡು ರಸ್ತೆಯ ಆಚೆ ಓಡಿದೆ. ಮಾವ ಬ್ಯಾಟರಿ ತಂತಿ ಕಿತ್ತು, ಮರಳು ಸುರಿದು, ಊರಿನಲ್ಲಿ ಬೀಡಿ ಸಿಕ್ಕಿಸುತ್ತಿದ್ದ ಕಿವಿಯ ಹಿಂದೆ ನಿಧಾನವಾಗಿ ಕೆರೆದುಕೊಂಡರು. ಟ್ಯಾಂಕಿನೊಳಗಿನ ಪಂಪು ಇಂಜೆಕ್ಷನ್ನಿಗೆಂದು ಮಾಡಿದ್ದು, ಅದರ ರಭಸ ಕಾರ್ಬುರೇಟರಿಗೆ ತಡೆಯದು ಎಂದರು. ಡೆಕ್ಲನ್ ತನ್ನ ಶೆಡ್ಡಿನಿಂದ ಸಣ್ಣ ಶಕ್ತಿಯ ಒಂದು ಹಳೇ ಪಂಪು ತಂದುಕೊಟ್ಟ, ಗೇಟಿನ ಹೊರಗೆ ಎರಡು ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತ. ನೋಡುವುದಕ್ಕೆ ಬೇರೇನೂ ಇಲ್ಲದ ದಿನಗಳು. ಬೀದಿಯ ಇನ್ನೂ ನಾಲ್ಕು ಜನ ತಂತಮ್ಮ ಗೇಟಿಗೆ ಕುರ್ಚಿ ತಂದರು.

ನಾನು ಸುಮ್ಮನಿರಲಾರದೆ ವಿಮೆಯವರಿಗೆ ಫೋನ್ ಮಾಡಿದೆ. ಕಾರಿನಲ್ಲಿ ಬದಲಾವಣೆ ಮಾಡಿದ್ದೇನೆ ಎಂದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿದ್ದೀರಾ ಎಂದು ಕೇಳಿದಳು ಹುಡುಗಿ. ಇಲ್ಲಮ್ಮ, ಮೂವತ್ತು ವರ್ಷ ಹಿಂದಕ್ಕೆ ಒಯ್ದಿದ್ದೇವೆ ಎಂದೆ. ಅಂಥದ್ದಕ್ಕೆ ತನ್ನ ಫಾರಮ್ಮಿನಲ್ಲಿ ಜಾಗವೇ ಇಲ್ಲ ಎಂದಳು. ಕೊನೆಗೆ ಅವಳ ಮೇಲಿನವನು, ಕೆಲಸ ಸರಿಯಾಗಿದೆಯೆಂದು ಡೆಕ್ಲನ್ನನಿಂದ ಒಂದು ಕಾಗದ ಬರೆಸಿ ಕಳಿಸಿ ಎಂದು ಒಪ್ಪಿಕೊಂಡ.

ಶನಿವಾರ ಹ್ಯಾಲೋವೀನ್. ನಾಲ್ಕು ಗಂಟೆಗೆ ಮಾವ ಡಿಸ್ಟ್ರಿಬ್ಯೂಟರಿಗೆ ಕೈಯಿಟ್ಟು, ನನ್ನನ್ನು ಸೀಟಿನಲ್ಲಿ ಕೂರಿಸಿ, "ಹೊಡೀರಿ ಸೆಲ್ಫು," ಎಂದರು. ಢಂ! ಸೈಲೆನ್ಸರಿನಿಂದ ಬಂದ ಸದ್ದಿಗೆ ಬೀದಿಯ ಪಾರಿವಾಳವೆಲ್ಲ ಎದ್ದವು. ಬೇರೆ ದಿನವಾಗಿದ್ದರೆ ಪೊಲೀಸರು ಬರುತ್ತಿದ್ದರು. ಅಂದು ಊರೆಲ್ಲ ಪಟಾಕಿ, ಯಾರೂ ತಿರುಗಿ ನೋಡಲಿಲ್ಲ. ಮಾವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಕಿವಿ ಒಡ್ಡಿದರು. "ಇನ್ನೊಂದ್ಸಲ." ಎಂಜಿನ್ ಕೆಮ್ಮಿತು, ಸೀನಿತು, ಆಮೇಲೆ ಗುಡುಗುಡು ಎಂದು ಹತ್ತಿಕೊಂಡಿತು. ಬೀದಿಯ ಕುರ್ಚಿಗಳೆಲ್ಲ ಎದ್ದು ಚಪ್ಪಾಳೆ ತಟ್ಟಿದವು. ಮಾವ ಖಾಕಿ ತೋಳಿನಿಂದ ಕಣ್ಣೊರೆಸಿಕೊಂಡು, ಹೊಗೆ ಜಾಸ್ತಿ ಎಂದರು. ಹೊಗೆ ಏನೂ ಇರಲಿಲ್ಲ.

ಭಾನುವಾರ ಮಗಳಿಗೆ ಪಾಠ. ಚೋಕಿನ ತಂತಿಯ ತುದಿಗೆ ಮಾವ ಒಂದು ಹಳೇ ಮಜ್ಜಿಗೆ ಕಡೆಗೋಲಿನ ಹಿಡಿ ಕಟ್ಟಿದ್ದರು.

"ಚಳಿಗೆ ಇದನ್ನ ಎಳೀಬೇಕು ಕಣವ್ವ. ಬೆಚ್ಚಗಾದ್ಮೇಲೆ ಒಳಕ್ಕೆ ನೂಕು. ಮರೆತ್ರೆ ಪೆಟ್ರೋಲ್ ಕುಡುದು ನಿಂತೋಯ್ತದೆ."

"ಗೊತ್ತಪ್ಪ. ನಿಮ್ ಗ್ಯಾರೇಜಿನ ಗಾಡಿಗಳಲ್ಲಿ ನಾನೇ ಎಳೀತಿದ್ದಿದ್ದು," ಎಂದಳು ಜ್ಯೋತ್ಸ್ನಾ. ಆದರೂ ಸೂಟ್‌ಕೇಸ್ ಬಾಗಿಲ ಹತ್ತಿರವೇ ಇತ್ತು. ಊರು ದಾಟಿ ಹೋಗಿ ಬರುವವರೆಗೆ ನಂಬುವಂತಿಲ್ಲ ಎಂದು ಅದನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಹೊರಟಳು. ಸೇರಿದೆ ಎಂದು ಏಳಕ್ಕೆ ಮೆಸೇಜು ಬಂತು. ಬರುವುದು ಬಾಕಿ.

ಸಂಜೆ ಆರಾಯಿತು. ಆರೂವರೆಯಾಯಿತು. ಅಪರ್ಣಾ ಕಿಟಕಿಯ ಹತ್ತಿರ ಹೋಗದೆ ಗೋಡೆಗೆ ಒರಗಿ ಕೂತಿದ್ದಳು. ಮಾವ ಮೂರನೇ ಸಲ ಬಾಗಿಲು ತೆಗೆದು ಹಾಕಿದರು. ನನಗೆ ತಡೆಯಲಾಗಲಿಲ್ಲ.

"ಮಾವ, ಡಬ್ಬಿ ಹಾಳು ಮಾಡಿದ್ದು ನಾನು. ಆಯುಧಪೂಜೆ ದಿನ ಎಂಜಿನ್ನಿಗೆ ಪ್ರೆಶರ್ ವಾಷರ್ ಹಿಡಿದೆ. ಮಳೆ ಅಂತ ಸುಳ್ಳು ಹೇಳಿದೆ. ಬೈದುಬಿಡಿ."

ಮಾವ ನನ್ನನ್ನೇ ನೋಡಿದರು.

"ನೀವೂವಾ?" ಎಂದರು.

"ಅಂದ್ರೆ?"

"ಬೆಳಿಗ್ಗೆ ಆರಕ್ಕೇ ನಾನು ಎರಡು ಬಕೆಟ್ ಹುಯ್ದಿದ್ದೆ ಕಣ್ರೀ! ನಲವತ್ತೊಂದು ವರ್ಷದ ಅಭ್ಯಾಸ. ಹುಯ್ದ್ ಮ್ಯಾಕೆ ನೆಪ್ಪಾಯ್ತು, ಇದು ಡಬ್ಬಿ ಗಾಡಿ ಅಂತ. ಮಗಳ ಗಾಡಿ ನಾನೇ ಕೆಡಿಸ್ದೆ, ಮೊಮ್ಮಗಳನ್ನ ನಾನೇ ತಬ್ಬಲಿ ಮಾಡ್ತಾ ಇವ್ನಿ ಅಂತ ವಾರ ನಿದ್ದೆ ಮಾಡಿಲ್ಲ. ನೀವು ಮಳೆ ಅಂದಿದ್ದು ಕೇಳಿ, ಅಳಿಯಂದ್ರು ಗೊತ್ತಾಗಿ ಮುಚ್ಚಾಕ್ತಾವ್ರೆ, ಎಂಥಾ ದೊಡ್ಡ ಮನ್ಸು ಅಂದ್ಕಂಡಿದ್ದೆ!"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದೆವು. ಮಾವ ಗೋಡೆ ಹಿಡಿದುಕೊಂಡರು. ನಗುತ್ತಲೇ ಇದ್ದವರು ತಟ್ಟನೆ ಕೈ ಎತ್ತಿದರು. ದೂರದ ತಿರುವಿನಲ್ಲಿ ಗುಡುಗುಡು ಸದ್ದು.

"ಮೂರನೇ ಗೇರು," ಎಂದರು. "ಚೋಕ್ ಒಳಕ್ಕೆ ನೂಕವ್ಳೆ. ಭೇಷ್."

ನಮ್ಮ ಬೀದಿಯ ಬೇರೆಲ್ಲ ಕಾರುಗಳೂ ಸದ್ದಿಲ್ಲದೆ ಬರುವವು. ಅಪರ್ಣಾ ಎದ್ದು ನಿಂತಳು, "ದಟ್ಸ್ ಮಮ್!" ಎಂದು ಕಿರುಚಿ, ಕಿಟಕಿ ಬಿಟ್ಟು ನೇರ ಬಾಗಿಲಿಗೆ ಓಡಿದಳು. ಅಮ್ಮ ಕೈ ತೊಳೆದು ಬಟ್ಟೆ ಬದಲಿಸುವವರೆಗೂ ಮೆಟ್ಟಿಲ ಮೇಲೆ ಕುಣಿಯುತ್ತಿದ್ದಳು. ಆ ರಾತ್ರಿ ಎರಡು ಬಟ್ಟಲು ಅನ್ನ ತಿಂದಳು. ದಿನಾ ಸಂಜೆ ಹಾಗೇ ಆಯಿತು, ಮಾವ ಗೇರು ಹೇಳುವುದು, ಮಗು ಬಾಗಿಲಿಗೆ ಓಡುವುದು.

ಡಿಸೆಂಬರಿನಲ್ಲಿ ಹೊಸ ಡಬ್ಬಿ ಬಂತು. ಜ್ಯೋತ್ಸ್ನಾ ಸಹಿ ಹಾಕಿ ತೆಗೆದುಕೊಂಡಳು. ಸರ್ಕಾರದ ಕಾರು ತಪಾಸಣೆ ಏಪ್ರಿಲ್‌ನಲ್ಲಿ, ಅಲ್ಲಿ ಕಾರ್ಬುರೇಟರಿನ ಹೊಗೆ ಪಾಸಾಗುವುದಿಲ್ಲ, ಅದಕ್ಕೆ ಮೊದಲು ಡಬ್ಬಿ ಕೂರಿಸಿದರೆ ಸಾಕು, ಅಲ್ಲಿಯವರೆಗೆ ಅಪ್ಪನ ಗಾಡಿಯೇ ಇರಲಿ ಎಂದಳು. ಸೂಟ್‌ಕೇಸನ್ನು ಮತ್ತೆ ಬೀರುವಿನ ಮೇಲಕ್ಕೆ ಎತ್ತಿಟ್ಟು, ಅದರ ಪಕ್ಕ ಡಬ್ಬಿಯನ್ನಿಟ್ಟಳು. ಇಡುವ ಮೊದಲು ಮಾರ್ಕರ್ ತಗೊಂಡು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಏನೋ ಬರೆದಳು. ನಾನು ಕನ್ನಡಕ ಹಾಕಿಕೊಂಡು ಓದಿದೆ: "ಅಪ್ಪ ಮತ್ತು ಶ್ರೀ, ಇಬ್ಬರೂ ಇದಕ್ಕೆ ನೀರು ಹಾಕಕೂಡದು."

ಮಾವ ನನ್ನ ಕಡೆ ನೋಡಿದರು, ನಾನು ಮಾವನ ಕಡೆ.

"ಬೆಡ್‌ರೂಮ್ ಕಿಟಕಿಯಿಂದ ಎಲ್ಲ ಕಾಣುತ್ತೆ," ಎಂದಳು ಜ್ಯೋತ್ಸ್ನಾ. "ಆರಕ್ಕೆ ಅಪ್ಪ, ಹತ್ತಕ್ಕೆ ನೀನು."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?" ಎಂದು ನನಗೆ ರೇಗಿತು. "ವಾರವೆಲ್ಲ ಒದ್ದಾಡಿದ್ವಲ್ಲ! ನನ್ನ ಕಾವಲಿ ಹೋಯ್ತು!"

"ಹೇಳಿದ್ರೆ ನಿಂದು ತಪ್ಪು, ನಿಮ್ದು ತಪ್ಪು ಅಂತ ಇಬ್ರೂ ವಾರವೆಲ್ಲ ಜಗಳ ಆಡ್ತಿದ್ರಿ, ನಾನು ಅನಸೂಯಾ ಮನೇಲಿ ಇರ್ತಿದ್ದೆ," ಎಂದಳು. "ಹೇಳದೆ ಇದ್ದಿದ್ದಕ್ಕೆ ದಿನಾ ಮನೆಗೆ ಬಂದೆ."